ದ್ವೀಪಕ್ಕೆ ಹೊರಡುವ ಮುನ್ನ



‘ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪವೆನ್ನುತ್ತಾರೆ.’ ಈ ವಾಕ್ಯವನ್ನು ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ನಿಮ್ಮಲ್ಲಿ ಹಲವರು ನನ್ನ ಬೆತ್ತದ ಭಯದಿಂದ ಅದನ್ನು ಕಂಠಪಾಠ ಮಾಡಿದ್ದೀರಿ. ಆದರೆ ಬರೆಸಿದ ನಾನೇ ಇಂದಿನವರೆಗೂ ಒಂದು ದ್ವೀಪವನ್ನೂ ಕಂಡಿಲ್ಲ. ಒಮ್ಮೆ ಶಾಲಾ ಪ್ರವಾಸದಲ್ಲಿ ಗೋಕರ್ಣದ ಕಡಲನ್ನು ನೋಡಿದ್ದೇ ನನ್ನ ಸಮುದ್ರದ ಅನುಭವ. ಈಗ ಮಗ ಅಂಡಮಾನಿಗೆ ಕಳಿಸುವ ಮಾತೆತ್ತಿದ್ದಾನೆ. ಆ ಸಿದ್ಧತೆಯ ಕಥೆಯನ್ನು, ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಸೇರಿಸಿ, ನಿಮ್ಮೆದುರು ಇಡುತ್ತಿದ್ದೇನೆ.

ಮೊದಲು ಯಾವ ದ್ವೀಪವೆಂಬ ಚರ್ಚೆ ನಡೆಯಿತು. ಹಳೆಯ ವಿದ್ಯಾರ್ಥಿಯೊಬ್ಬ ಮಲ್ಪೆಯ ಬಳಿಯ ಸೇಂಟ್ ಮೇರಿಸ್ ದ್ವೀಪವನ್ನು ಸೂಚಿಸಿದ. ಅಲ್ಲಿಯ ಕಂಬಗಳಂಥ ಲಾವಾ ಶಿಲೆಗಳನ್ನು ನಾನು ಪಾಠದಲ್ಲಿ ವರ್ಣಿಸಿದ್ದುಂಟು. ಆದರೆ ಅದು ಅರ್ಧ ದಿನದ ನೋಟ. ಲಕ್ಷದ್ವೀಪಕ್ಕೆ ಮುಂಚಿತವಾಗಿ ಪ್ರವೇಶ ಪರವಾನಗಿ ಪಡೆಯಬೇಕು. ಅಂಡಮಾನಿನ ಮುಖ್ಯ ಪ್ರವಾಸಿ ತಾಣಗಳಿಗೆ ಭಾರತೀಯರಿಗೆ ಅಂಥ ಪರವಾನಗಿ ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಅಲ್ಲಿ ತಮಿಳರು, ತೆಲುಗರು, ಬಂಗಾಳಿಗಳು ಬಹಳ ಕಾಲದಿಂದ ನೆಲೆಸಿರುವುದರಿಂದ ಇಡ್ಲಿ, ದೋಸೆಗೂ ಕೊರತೆಯಿಲ್ಲ. ಹೀಗೆ ಅಂಡಮಾನ್ ನಿಶ್ಚಯವಾಯಿತು.

ಹಳೆಯ ಅಟ್ಲಾಸನ್ನು ಹೊರತೆಗೆದೆ. ಅದರಲ್ಲಿರುವ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಎಂಬ ಹೆಸರು. ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪವಾಯಿತು. ಎಂಟುನೂರಕ್ಕೂ ಹೆಚ್ಚು ದ್ವೀಪ ಮತ್ತು ಬಂಡೆಗಳ ಆ ಸಮೂಹದಲ್ಲಿ ಜನವಸತಿ ಇರುವವು ನಲವತ್ತಕ್ಕೂ ಕಡಿಮೆ. ನಮ್ಮ ಹುಮನಾಬಾದ್ ಸುಮಾರು 77 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಶ್ರೀ ವಿಜಯಪುರಂ 93ರ ಸಮೀಪದಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ನಿಮಗೆ ನೆನಪಿದೆಯಷ್ಟೆ? ಗಡಿಯಾರ ಒಂದೇ ಆದರೂ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆ ಮೊದಲೇ ಮೇಲೇರುತ್ತಾನೆ. ಫೆಬ್ರವರಿಯಲ್ಲಿ ಸಂಜೆ ಐದೂವರೆಯ ಹೊತ್ತಿಗೆ ಮುಳುಗಿಬಿಡುತ್ತಾನೆ. ಆದುದರಿಂದ ತಿರುಗಾಟವನ್ನೆಲ್ಲ ಬೆಳಗಿನ ಹೊತ್ತಿಗೇ ಹೊಂದಿಸಿಕೊಳ್ಳಬೇಕು. ಅಲ್ಲಿಯ ವಾರ್ಷಿಕ ಮಳೆ ಸುಮಾರು 3,000 ಮಿಲಿಮೀಟರ್, ನಮ್ಮ ಜಿಲ್ಲೆಯದರ ಮೂರು ಪಟ್ಟಿಗೂ ಮಿಗಿಲು. ಮೇ ತಿಂಗಳಿಂದ ಆರಂಭವಾಗುವ ಮಳೆ ವರ್ಷದ ಕೊನೆಯವರೆಗೂ ಬಿಟ್ಟು ಬಿಟ್ಟು ಸುರಿಯುತ್ತದೆ. ಎಳ್ಳಮಾವಾಸ್ಯೆ ಮುಗಿದು, ತೊಗರಿಯ ರಾಶಿಯಾಗಿ, ಮನೆಯಲ್ಲಿ ಬಿಡುವಾಗುವ ಫೆಬ್ರವರಿಯೇ ಪ್ರಶಸ್ತವೆಂದು ತೀರ್ಮಾನಿಸಿದೆವು.

ಮಗ ಬೆಂಗಳೂರಿನಿಂದ ಒಂದು ಕಾರ್ಯಕ್ರಮ ಪಟ್ಟಿಯನ್ನು ಕಳಿಸಿದ. ಆರು ರಾತ್ರಿ, ನಾಲ್ಕು ದ್ವೀಪ, ಗಾಜಿನ ತಳದ ದೋಣಿ; ಒಂದು ದಿನ ನಸುಕಿನ ಮೂರು ಗಂಟೆಗೆ ಎದ್ದು ಬಾರಾಟಾಂಗ್‌ನ ಗುಹೆಗಳಿಗೆ ಪ್ರಯಾಣ. ಪಟ್ಟಿಯ ಮೇಲೆ ಇಬ್ಬರ ಹೆಸರಿತ್ತು, ನನ್ನದು ಮತ್ತು ನನ್ನ ಮನೆಯವರದು.

ಇಲ್ಲಿಯೇ ನನ್ನ ತಪ್ಪು. ನಮ್ಮ ಮನೆಯಲ್ಲಿ ಮೂವರಿದ್ದೇವೆ. ಎಪ್ಪತ್ತಾರರ ನನ್ನ ಅಕ್ಕ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ಕೊಡಂಬಲದ ತವರಿಗೆ ಹಿಂದಿರುಗಿದವಳು. ನನ್ನ ಶಿಕ್ಷಕರ ತರಬೇತಿಯ ಶುಲ್ಕಕ್ಕೆ ಹಣವಿಲ್ಲದಾಗ ತನ್ನ ಬೋರಮಾಳ ಸರವನ್ನು ಒತ್ತೆಯಿಟ್ಟವಳು ಅವಳು. ಆ ಸರ ಮರಳಿ ಬರಲಿಲ್ಲ. ಅವಳು ಅದರ ಮಾತನ್ನು ಎಂದೂ ಎತ್ತಲಿಲ್ಲ. ನಾನು ದ್ವೀಪದ ಪಾಠ ಹೇಳಿ ಸಂಬಳ ಪಡೆದದ್ದು ಆ ಸರದಿಂದ. ಹಾಗಿದ್ದೂ ಪ್ರವಾಸದ ಸುದ್ದಿಯನ್ನು ಎಂಟು ದಿನ ಅವಳಿಂದ ಮುಚ್ಚಿಟ್ಟೆ. ‘ಅಪ್ಪಾ, ಅತ್ತಿಗ ಈ ವಯಸ್ಸಿನಾಗ ಹಡಗು ಏರೋದು ಆಗ್ತದೇನು?’ ಎಂದು ಮಗ ಕೇಳಿದಾಗ, ಆ ಪ್ರಶ್ನೆಯನ್ನೇ ನೆಪ ಮಾಡಿಕೊಂಡು ಸುಮ್ಮನಾದೆ.

ಮನೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಒಂದು ಸಂಜೆ ಅಕ್ಕ ಕಾಳು ಹಸನು ಮಾಡುತ್ತ ಕೇಳಿದಳು: ‘ತಮ್ಮಾ, ಕರಿನೀರಿಗೆ ಹೋದವರು ತಿರುಗಿ ಬರಂಗಿಲ್ಲ ಅಂತಿದ್ದರಲ್ಲೋ?’

ಅವಳ ಪ್ರಶ್ನೆ ಮೌಢ್ಯದ್ದಲ್ಲ. ನಮ್ಮ ಹಿರಿಯರಿಗೆ ಅಂಡಮಾನ್ ಎಂದರೆ ವಿಹಾರದ ತಾಣವಲ್ಲ, ಶಿಕ್ಷೆಯ ಹೆಸರು. ಬ್ರಿಟಿಷರು 1858ರ ಮಾರ್ಚ್ ತಿಂಗಳಲ್ಲಿ ಕೈದಿಗಳ ಮೊದಲ ತಂಡವನ್ನು ಅಲ್ಲಿಗೆ ಒಯ್ದರು. ಅಂದು ನಮ್ಮ ಬೀದರ ಸೀಮೆ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ದಾಳಿ ನಡೆಸಿದರು. ಸೆರೆಸಿಕ್ಕ ಅಲ್ಲಾವುದ್ದೀನರನ್ನು ಅಂಡಮಾನಿಗೇ ಸಾಗಿಸಲಾಯಿತು. ಸೆಲ್ಯುಲರ್ ಜೈಲು ಕಟ್ಟಿದ್ದು ಅನಂತರ, 1896ರಿಂದ 1906ರವರೆಗೆ. ಅದರ ಏಳು ಸಾಲುಗಳಲ್ಲಿ ಇಂದು ಉಳಿದಿರುವುದು ಮೂರು. ಇದನ್ನೆಲ್ಲ ಅಕ್ಕನಿಗೆ ವಿವರಿಸಿದೆ. ಶಾಲೆಯ ಮೆಟ್ಟಿಲು ಹತ್ತದ ಅವಳು ಮಧ್ಯೆ ಮಾತಾಡದೆ ಕೇಳಿದಳು. ಕೊನೆಗೆ, ‘ನಮ್ಮ ಕಡಿ ಮನಷ್ಯಾ ಹೋಗಿ ಉಳದಾನಂದ್ರ ಆ ಜೈಲು ಮೊದಲ ನೋಡಬೇಕು. ಸಮುದ್ರ ಆಮ್ಯಾಲ ನೋಡಿದರಾತು’ ಎಂದಳು. ತಾನೂ ಬರುವುದು ನಿಶ್ಚಯವೆಂಬಂತೆ ಇತ್ತು ಆ ಮಾತು. ನನಗೆ ತಲೆ ಎತ್ತಲಾಗಲಿಲ್ಲ.

ಅಂದು ರಾತ್ರಿಯೇ ಮಗನಿಗೆ ಫೋನು ಮಾಡಿ ಮೂರನೆಯ ಹೆಸರು ಸೇರಿಸೆಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆಯೆಂದರೆ ಹಣ ಮಾತ್ರವಲ್ಲ, ಅಕ್ಕನ ಮೊಣಕಾಲು ಕೂಡ. ನಾಲ್ಕು ದ್ವೀಪಗಳು ಎರಡಾದವು. ಶ್ರೀ ವಿಜಯಪುರಂನಲ್ಲಿ ಮೂರು ರಾತ್ರಿ, ಸ್ವರಾಜ್ ದ್ವೀಪದಲ್ಲಿ ಎರಡು. ನಡುವೆ ಹೋಗಲು ಒಮ್ಮೆ, ಬರಲು ಒಮ್ಮೆ ಮಾತ್ರ ಹಡಗು. ಒಂದು ದಿನ ಪೂರ್ತಿ ಖಾಲಿ, ರಾಧಾನಗರದ ದಂಡೆಯಲ್ಲಿ ಕುಳಿತಿರುವುದಷ್ಟೇ ಕೆಲಸ. ಬಾರಾಟಾಂಗ್ ಪಟ್ಟಿಯಿಂದ ಹೊರಗುಳಿಯಿತು. ಅದಕ್ಕೆ ನಸುಕಿನ ಪ್ರಯಾಣ ಒಂದು ಕಾರಣ; ಜಾರವಾ ಜನರ ಕಾಡನ್ನು ಸೀಳಿಕೊಂಡು ಪ್ರವಾಸಿ ವಾಹನಗಳಲ್ಲಿ ಸಾಗಲು ನನ್ನ ಮನಸ್ಸು ಒಪ್ಪಲಿಲ್ಲ ಎಂಬುದು ಇನ್ನೊಂದು. ಖರ್ಚು ಹೆಚ್ಚಲಿಲ್ಲ, ಕೈಬಿಟ್ಟ ತಾಣಗಳ ಹಣದಲ್ಲಿ ಅಕ್ಕನ ಟಿಕೆಟಿನ ಬಹುಭಾಗ ಹೊಂದಿತು.

ಟಿಕೆಟಿಗಾಗಿ ಆಧಾರ್ ಚೀಟಿ ತೆಗೆದಾಗ ನಕ್ಕೆವು. ನಮ್ಮ ಕಾಲದಲ್ಲಿ ಶಾಲೆಗೆ ಸೇರಿದವರೆಲ್ಲ ಜೂನ್ 1ರಂದೇ ಹುಟ್ಟಿದವರು, ಗುರುಗಳ ಕೃಪೆಯಿಂದ. ಶಾಲೆಗೇ ಹೋಗದ ಅಕ್ಕ ಮಾತ್ರ ಜನವರಿ 1ರಂದು ಜನಿಸಿದ್ದಾಳೆ!

ಈಗಿನ್ನೂ ಸಮಯವಿದೆ. ವೈದ್ಯರನ್ನು ಕಂಡು ಮೊಣಕಾಲಿನ ವಿಷಯ, ಹಡಗಿನ ವಾಕರಿಕೆಯ ಮಾತ್ರೆಯ ವಿಷಯ ಕೇಳಬೇಕು. ಖಟಕ ರೊಟ್ಟಿ, ಶೇಂಗಾ ಹಿಂಡಿಯ ಲೆಕ್ಕ ಹೆಂಗಸರಿಬ್ಬರದು. ಶಂಖ, ಹವಳ ತನ್ನಿರೆಂದು ಕೇಳಿರುವ ಮೊಮ್ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ: ಹವಳ ಕಾನೂನಿನ ರಕ್ಷಣೆಯಲ್ಲಿರುವ ಜೀವಿ, ಅದು ಸಮುದ್ರದ ಸೊತ್ತು, ಅಲ್ಲಿಯೇ ಇರಲಿ.

ಮೊನ್ನೆ ಅಕ್ಕ, ‘ಅಷ್ಟು ನೀರು ಎಲ್ಲಿಂದ ಬರ್ತದೋ?’ ಎಂದಳು. ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದೆ. ನಮ್ಮ ಸೀಮೆಯ ಮಳೆನೀರು ಒಂದು ಪಾಲು ಕಾರಂಜಾ ಸೇರಿ, ಮಾಂಜರಾದ ಮೂಲಕ ಗೋದಾವರಿಗೆ ಹೋಗುತ್ತದೆ. ಇನ್ನೊಂದು ಪಾಲು ಮುಲ್ಲಾಮಾರಿ, ಕಾಗಿಣಾ, ಭೀಮೆಯ ದಾರಿ ಹಿಡಿದು ಕೃಷ್ಣೆಗೆ ಸೇರುತ್ತದೆ. ಎರಡರ ಕೊನೆಯೂ ಬಂಗಾಳ ಕೊಲ್ಲಿ. ಅಂಡಮಾನ್ ಇರುವುದು ಅದರ ಆಚೆಯ ಅಂಚಿನಲ್ಲಿ. ‘ಹಾಗಾದ್ರ ನಮ್ಮ ನೀರು ನಮಗಿಂತ ಮೊದಲ ಹೋಗಿ ಬಿಟ್ಟದ’ ಎಂದಳು ಅಕ್ಕ. ಮೂವತ್ತನಾಲ್ಕು ವರ್ಷದ ನನ್ನ ಭೂಗೋಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬಂದದ್ದು ನೆನಪಿಲ್ಲ.

ಹೋಗಿ ಬಂದ ಮೇಲೆ ಮತ್ತೆ ಬರೆಯುತ್ತೇನೆ. ಅಲ್ಲಿಯವರೆಗೆ ನೀವೂ ನಿಮ್ಮ ಮನೆಯ ಪಟ್ಟಿಯನ್ನೊಮ್ಮೆ ನೋಡಿ, ಯಾರ ಹೆಸರು ಬಿಟ್ಟುಹೋಗಿದೆಯೋ ಎಂದು. ಎಲ್ಲರಿಗೂ ಶುಭವಾಗಲಿ.