ನಾಲ್ಕು ತಿಂಗಳ ಲೆಕ್ಕ

ಸಂಕ್ರಾಂತಿ ಕಳೆಯಿತೆಂದರೆ ನಮ್ಮ ಶಾಲೆಯ ಹತ್ತನೆಯ ತರಗತಿಯ ಕಪ್ಪುಹಲಗೆಯ ಮೂಲೆಯಲ್ಲಿ ಒಂದು ಅಂಕಿ ಬಂದು ಕೂರುತ್ತದೆ. ಪರೀಕ್ಷೆಗೆ ಇನ್ನೆಷ್ಟು ದಿನ ಉಳಿದಿದೆ ಎಂಬ ಲೆಕ್ಕ ಅದು. ಬೆಳಿಗ್ಗೆ ಮೊದಲು ಬಂದವರು ಹಿಂದಿನ ದಿನದ ಅಂಕಿಯನ್ನು ಒರೆಸಿ, ಒಂದು ಕಡಿಮೆ ಮಾಡಿ ಬರೆಯಬೇಕು. ಜಾಣ ಮಕ್ಕಳೂ ಓದಿನಲ್ಲಿ ಹಿಂದೆ ಬಿದ್ದವರೂ ತಮ್ಮ ಓದಿನ ವೇಗವನ್ನು ಹೊಂದಿಸಿಕೊಳ್ಳುವುದು ಅದನ್ನು ನೋಡಿಯೇ. ಓದಲು ಪುಸ್ತಕ ಬೇಕು, ಹೇಳಿಕೊಡುವವರು ಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಇವೆರಡರ ಜೊತೆಗೆ ಒಂದು ತಾರೀಖೂ ಬೇಕು. ಅದಿಲ್ಲದೆ ಓದು ಹೇಗೆ ದಾರಿ ತಪ್ಪುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡದ್ದು 2021ರಲ್ಲಿ, ನನ್ನ ತಂಗಿಯ ಮಗಳು ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಗ.

ಅವಳು ಹೈಸ್ಕೂಲಿಗೆ ಸೇರಿದಂದಿನಿಂದ ನಮ್ಮ ಮನೆಯಲ್ಲೇ ಬೆಳೆದವಳು. ತಂಗಿಯ ಊರು ತೀರ್ಥಹಳ್ಳಿಯಿಂದ ಬಹಳ ಒಳಗೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅತ್ತಣಿಂದ ಇತ್ತ ಬರುವಂತಿಲ್ಲ. ಇವಳೊಬ್ಬಳು ಓದಲಿ ಎಂದು ತಂಗಿ ನನ್ನ ಮನೆಯಲ್ಲಿ ತಂದುಬಿಟ್ಟಳು. ಹುಡುಗಿ ಓದಿದಳು, 2015ರಲ್ಲಿ ಸರ್ಕಾರಿ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಸೀಟು ಸಿಕ್ಕಿತು. ನಾಲ್ಕೂವರೆ ವರ್ಷದ ಓದು ಮುಗಿದು, ಒಂದು ವರ್ಷದ ಹೌಸ್‌ಸರ್ಜನ್ ಕೆಲಸ ಶುರುವಾದದ್ದು 2020ರ ಮಾರ್ಚ್‌ನಲ್ಲಿ. ಆ ತಿಂಗಳು ದೇಶದಲ್ಲಿ ಏನು ಶುರುವಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಅವಳು ರೋಗಿಯ ಮೈಮುಟ್ಟಿ ಕಲಿಯಬೇಕಾದ ವರ್ಷವೆಲ್ಲ ಪಿಪಿಇ ಕಿಟ್ಟಿನೊಳಗೆ, ಎರಡೆರಡು ಕೈಗವಸಿನೊಳಗೆ ಕಳೆಯಿತು.

ಎಂ.ಬಿ.ಬಿ.ಎಸ್. ಮುಗಿಸಿದರೆ ಡಾಕ್ಟರಾದಂತೆ ಎಂದು ನಮ್ಮ ಕಾಲದವರ ನಂಬಿಕೆ. ಈಗಿನವರಿಗೆ ಅದು ಅರ್ಧ ದಾರಿ. ಮಕ್ಕಳ ವೈದ್ಯರಾಗಬೇಕು, ಶಸ್ತ್ರವೈದ್ಯರಾಗಬೇಕು ಎಂದರೆ ನೀಟ್ ಪಿಜಿ ಎಂಬ ಪರೀಕ್ಷೆ ದಾಟಬೇಕು. ಇಡೀ ದೇಶಕ್ಕೆ ಅದು ಒಂದೇ ದಿನ ನಡೆಯುತ್ತದೆ. 2021ರಲ್ಲಿ ಅದಕ್ಕೆ 200 ಪ್ರಶ್ನೆಗಳು, ಮೂರೂವರೆ ಗಂಟೆ. ಸರಿಯುತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಳೆಯುತ್ತಾರೆ. ಮೊದಲ ವರ್ಷದ ಅಂಗರಚನಾಶಾಸ್ತ್ರದಿಂದ ಹಿಡಿದು ಕೊನೆಯ ವರ್ಷದ ಪಾಠದವರೆಗೆ ಯಾವುದನ್ನೂ ಬಿಡುವಂತಿಲ್ಲ. ಇಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಒಂದು ನಿರ್ದಿಷ್ಟ ದಿನಕ್ಕೆ ಸರಿಯಾಗಿ ತಲುಪಿಸುವುದು, ತುಂಬಿದ ಕೊಡ ಹೊತ್ತು ತುಳುಕಿಸದೆ ನಡೆದ ಹಾಗೆ. ಮನೆ ಎಷ್ಟು ದೂರ ಎಂದು ಗೊತ್ತಿದ್ದರೆ ಹೊರಬಹುದು.

ಹಿಂದಿನ ವರ್ಷ ಈ ಪರೀಕ್ಷೆ ಜನವರಿ 5ಕ್ಕೆ ನಡೆದಿತ್ತು. 2021ರದ್ದೂ ಜನವರಿಯಲ್ಲೇ ಆಗಬೇಕಿತ್ತು, ಕೊರೋನಾದಿಂದ ಏಪ್ರಿಲ್ 18ಕ್ಕೆ ಹೋಯಿತು. ಅವಳು ಹೌಸ್‌ಸರ್ಜನ್ ಕೆಲಸ ಮುಗಿಸಿ ನಮ್ಮ ಮನೆಗೆ ಬಂದು, ಅಟ್ಟದ ಕೋಣೆಯಲ್ಲಿ ಪುಸ್ತಕ ಹರಡಿಕೊಂಡು ಕೂತಳು. ಏಪ್ರಿಲ್ 13ಕ್ಕೆ ಯುಗಾದಿ. ಬೇವು ಬೆಲ್ಲ ತಿನ್ನಲು ಕೆಳಗಿಳಿದವಳು ಹತ್ತು ನಿಮಿಷದಲ್ಲಿ ಮತ್ತೆ ಮೇಲೆ ಹೋದಳು. 15ರ ಗುರುವಾರ ಸುದ್ದಿ ಬಂತು: ಪರೀಕ್ಷೆ ಮುಂದಕ್ಕೆ ಹೋಗಿದೆ. ಮೂರು ದಿನ ಉಳಿದಿತ್ತು. ಪ್ರವೇಶ ಪತ್ರ ಮೇಜಿನ ಮೇಲಿತ್ತು.

ಮುಂದೂಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಅವಳೂ ಹೇಳಲಿಲ್ಲ. ಎರಡನೆಯ ಅಲೆ ಏರುತ್ತಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಎಳೆಯ ವೈದ್ಯರು ಬಸ್ಸು ರೈಲು ಹತ್ತಿ, ಮುಚ್ಚಿದ ಕೊಠಡಿಗಳಲ್ಲಿ ಕೂತು, ಮರುದಿನ ವಾರ್ಡುಗಳಿಗೆ ಮರಳಿದ್ದರೆ ಏನಾಗುತ್ತಿತ್ತೋ. ಏಪ್ರಿಲ್ 27ರ ರಾತ್ರಿಯಿಂದ ನಮ್ಮ ರಾಜ್ಯವೇ ಬಾಗಿಲು ಹಾಕಿಕೊಂಡಿತು. ನನ್ನ ಮಾತು ಮುಂದೂಡಿದ ಮೇಲೆ ಏನಾಯಿತು ಎಂಬುದರ ಬಗ್ಗೆ.

ಮೇ 3ಕ್ಕೆ ಪ್ರಧಾನಿಯವರ ಕಚೇರಿಯಿಂದ ಪ್ರಕಟಣೆ ಬಂತು. ಪರೀಕ್ಷೆ ಕನಿಷ್ಠ ನಾಲ್ಕು ತಿಂಗಳು ಇಲ್ಲ. ಆಗಸ್ಟ್ 31ಕ್ಕೆ ಮೊದಲು ನಡೆಯುವುದಿಲ್ಲ. ನಡೆಸುವಾಗ ಒಂದು ತಿಂಗಳಾದರೂ ಮೊದಲೇ ತಿಳಿಸುತ್ತೇವೆ. ಅಷ್ಟರವರೆಗೆ ಪರೀಕ್ಷೆಗೆ ಕಾದಿರುವ ವೈದ್ಯರು ಕೋವಿಡ್ ಕೆಲಸಕ್ಕೆ ಬರಬೇಕು, 100 ದಿನ ಪೂರೈಸಿದವರಿಗೆ ಮುಂದೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಇರುತ್ತದೆ. ನಮ್ಮ ಕಡೆಯ ಆಸ್ಪತ್ರೆಯಲ್ಲೂ ಡಾಕ್ಟರುಗಳು ಸಾಲುತ್ತಿರಲಿಲ್ಲ. ತಂಗಿ ಫೋನಿನಲ್ಲಿ ಅತ್ತಳು, "ಬೇಡ ಅನ್ನು ಅಕ್ಕ, ಓದ್ಲಿ ಅವ್ಳು" ಎಂದಳು. ನಾನು ಹೇಳುವುದಕ್ಕೆ ಮೊದಲೇ ಹುಡುಗಿ ಹೊರಟು ನಿಂತಿದ್ದಳು. "ದೊಡ್ಡಮ್ಮ, ಜನ ಉಸಿರಿಗೆ ಒದ್ದಾಡ್ತಿರೋವಾಗ ಅಟ್ಟದ ಮೇಲೆ ಕೂತು ಉಸಿರಾಟದ ಪಾಠ ಓದೋಕೆ ಆಗ್ತದಾ?" ಎಂದಳು. ಮೇ 10ರಿಂದ ಕೆಲಸಕ್ಕೆ ಹೋದಳು.

ಒಂದು ವಾರ ಹಗಲು, ಒಂದು ವಾರ ರಾತ್ರಿ. ಮನೆಗೆ ಬಂದರೆ ಹಿತ್ತಲ ಬಚ್ಚಲಲ್ಲೇ ಸ್ನಾನ, ಬಟ್ಟೆ ಬಿಸಿನೀರಿಗೆ, ಊಟ ಅಟ್ಟದ ಮೆಟ್ಟಿಲ ಮೇಲೆ. ನಾನು ತಟ್ಟೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಊಟ ಮಾಡುತ್ತ ಪುಸ್ತಕ ತೆರೆಯುತ್ತಿದ್ದಳು. ನಾನು ತಟ್ಟೆ ತೆಗೆಯಲು ಹೋದಾಗ ಪುಟ ಅದೇ ಇರುತ್ತಿತ್ತು, ಹುಡುಗಿ ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದಳು. ಒಮ್ಮೊಮ್ಮೆ ಎಚ್ಚರವಿದ್ದೂ ಓದುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದಳು. ಅಂದು ವಾರ್ಡಿನಲ್ಲಿ ಯಾರೋ ಹೋಗಿದ್ದಾರೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ, ಕೇಳುತ್ತಿರಲಿಲ್ಲ.

ಅದೇ ಹೊತ್ತಿನಲ್ಲಿ ಅವಳ ಸಹಪಾಠಿಯೊಬ್ಬ ಪಟ್ಟಣದ ತನ್ನ ಮನೆಯಲ್ಲಿ, ಆನ್‌ಲೈನ್ ಕೋಚಿಂಗಿಗೆ ಇನ್ನೊಮ್ಮೆ ಹಣ ಕಟ್ಟಿ, ದಿನಕ್ಕೆ ಹನ್ನೆರಡು ಗಂಟೆ ಓದುತ್ತಿದ್ದ. ಅವನನ್ನು ದೂರುವಂತಿಲ್ಲ, ಅವನ ತಂದೆಗೆ ಹೃದಯದ ಕಾಯಿಲೆ, ಮನೆಗೆ ಸೋಂಕು ತರುವ ಹಾಗಿರಲಿಲ್ಲ. ಇನ್ನೊಬ್ಬ ಗೆಳತಿಗೆ ಕೊರೋನಾ ಬಂದು ವಾಸಿಯಾದ ಮೇಲೂ ಒಂದು ತಿಂಗಳು ಎರಡು ಪುಟ ಓದಿದರೆ ಸುಸ್ತು. ಮೂವರಿಗೂ ಸರ್ಕಾರ ಕೊಟ್ಟದ್ದು ಅದೇ ನಾಲ್ಕು ತಿಂಗಳು. ಒಬ್ಬನಿಗೆ ಅದು ನಾಲ್ಕು ತಿಂಗಳಾಗಿಯೇ ಸಿಕ್ಕಿತು, ಒಬ್ಬಳಿಗೆ ಮೂರಾಯಿತು, ನಮ್ಮ ಹುಡುಗಿಗೆ ಎಷ್ಟಾಯಿತು ಎಂದು ಹೇಳುವುದೇ ಕಷ್ಟ.

ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ತಾರೀಖಿಲ್ಲದ ಆ ಎರಡು ತಿಂಗಳು. ಆಗಸ್ಟ್ 31ರ ನಂತರ ಎಂದರೆ ಯಾವಾಗ? ಸೆಪ್ಟೆಂಬರ್ ಮೊದಲ ವಾರವಾದರೆ ಈಗಲೇ ಕೆಲಸ ಬಿಡಬೇಕು, ಡಿಸೆಂಬರ್ ಆದರೆ ಬಿಡಬೇಕಾಗಿಲ್ಲ. ಬಿಟ್ಟರೆ 100 ದಿನ ತುಂಬುವುದಿಲ್ಲ, ವಾರ್ಡಿನಲ್ಲಿ ಅವಳ ಪಾಳಿಗೆ ಬೇರೆ ಯಾರೂ ಇಲ್ಲ. ಅತ್ತ ದರಿ ಇತ್ತ ಪುಲಿ.

ಪಕ್ಕದ ಮನೆಯ ಹುಡುಗನದು ಇನ್ನೊಂದು ಬಗೆ. ಎಂಜಿನಿಯರಿಂಗ್ ಮುಗಿಸಿ ಅಮೆರಿಕದಲ್ಲಿ ಎಂ.ಎಸ್. ಓದಬೇಕೆಂದು ಜಿಆರ್‌ಇ ಕಟ್ಟಿದ್ದ. ಪರೀಕ್ಷಾ ಕೇಂದ್ರಗಳು ಮುಚ್ಚಿದ್ದರಿಂದ 2020ರಲ್ಲಿ ಆ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯುವ ಏರ್ಪಾಡು ಬಂದಿತ್ತು. ಕೇಳಲು ಎಷ್ಟು ಸುಖ! ನಿಯಮಗಳನ್ನು ಕೇಳಿದ ಮೇಲೆ ಗೊತ್ತಾಯಿತು ಅದರ ಪಾಡು. ಕೋಣೆಯಲ್ಲಿ ಅವನೊಬ್ಬನೇ ಇರಬೇಕು, ಬಾಗಿಲು ಮುಚ್ಚಿರಬೇಕು. ಎಲ್ಲಿಂದಲೋ ಒಬ್ಬರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಅವರಿಗೆ ಕೋಣೆಯ ನಾಲ್ಕು ಮೂಲೆಯನ್ನೂ ತಿರುಗಿಸಿ ತೋರಿಸಬೇಕು. ಲೆಕ್ಕ ಮಾಡಲು ಮಾಮೂಲಿ ಕಾಗದ ಸಲ್ಲದು, ಒರೆಸುವ ಬಿಳಿ ಹಲಗೆಯೋ ಪಾರದರ್ಶಕ ಹಾಳೆಯೋ ಬೇಕು. ಒಂಬತ್ತು ಜನರ ಮನೆಯಲ್ಲಿ, ಗಾಳಿ ಬೀಸಿದರೆ ಕರೆಂಟು ಹೋಗುವ ನಮ್ಮೂರಲ್ಲಿ, ಇದನ್ನು ಮಾಡಬೇಕು. ಅವನ ಅಜ್ಜಿಯನ್ನು ಅಂದು ಮಧ್ಯಾಹ್ನವೆಲ್ಲ ನಮ್ಮ ಮನೆಯಲ್ಲಿ ಕೂರಿಸಿಕೊಂಡಿದ್ದೆವು, ಆಕೆಗೆ ಬಾಗಿಲು ಮುಚ್ಚಿರುವುದನ್ನು ಕಂಡರೆ ತಟ್ಟುವ ಅಭ್ಯಾಸ. ಪರೀಕ್ಷೆ ಮನೆಗೇ ಬಂತು ನಿಜ, ಆದರೆ ಮುಚ್ಚುವಂಥ ಬಾಗಿಲಿರುವ ಕೋಣೆ ಎಲ್ಲರ ಮನೆಯಲ್ಲೂ ಇರುತ್ತದೆಯೇ?

ಇವರೆಲ್ಲ ದೊಡ್ಡ ಓದಿನವರು. ನನ್ನ ತರಗತಿಯಲ್ಲೂ ಇದೇ ಲೆಕ್ಕ ನಡೆದಿತ್ತು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 21ರಿಂದ ಶುರುವಾಗಬೇಕಿತ್ತು, ಜುಲೈ 19 ಮತ್ತು 22ಕ್ಕೆ ಹೋಯಿತು. ದಿನಕ್ಕೆ ಮೂರು ವಿಷಯ, ಒಟ್ಟು 120 ಅಂಕ, ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದು. "ಓದಲು ಒಂದು ತಿಂಗಳು ಹೆಚ್ಚು ಸಿಕ್ಕಿತಲ್ಲ" ಎಂದು ನೆಂಟರೊಬ್ಬರು ಹೇಳಿದರು. ಯಾರಿಗೆ ಸಿಕ್ಕಿತು? ಮನೆಯಲ್ಲಿ ಮೊಬೈಲಿದ್ದವರು ಗುಡ್ಡ ಹತ್ತಿ, ಸಿಗ್ನಲ್ ಸಿಕ್ಕಲ್ಲಿ ಕೊಡೆ ಹಿಡಿದು ಕೂತು ಪಾಠ ಕೇಳಿದರು. ಇಲ್ಲದವರಲ್ಲಿ ಒಬ್ಬ ಗಾರೆ ಕೆಲಸಕ್ಕೆ ಹೋದ, ಒಬ್ಬಳು ಅವ್ವನ ಜೊತೆ ತೋಟದ ಕೆಲಸಕ್ಕೆ ಹೋದಳು. ಹುಡುಕಿಕೊಂಡು ಹೋದಾಗ ಆ ಹುಡುಗಿ, "ಪರೀಕ್ಷೆ ಯಾವತ್ತು ಅಂತ ಗೊತ್ತಾದ್ರೆ ಬರ್ತೀನಿ ಟೀಚರ್, ಅಲ್ಲೀವರೆಗೆ ಕೂಲಿ ಯಾಕೆ ಬಿಡೋದು?" ಎಂದಳು. ಮನೆಯಲ್ಲಿ ಡಾಕ್ಟರು ಹೇಳುತ್ತಿದ್ದದ್ದನ್ನೇ ತೋಟದಲ್ಲಿ ಇವಳೂ ಹೇಳಿದಳು.

ಜುಲೈ 13ಕ್ಕೆ ತಾರೀಖು ಬಂತು: ಸೆಪ್ಟೆಂಬರ್ 11. ಅಂದು ರಾತ್ರಿ ಹುಡುಗಿ ಬಹಳ ದಿನಗಳ ಮೇಲೆ ಪೆನ್ಸಿಲ್ ಹಿಡಿದು ಹಾಳೆಯ ಮೇಲೆ ಗೆರೆ ಎಳೆದು ಟೈಂಟೇಬಲ್ ಹಾಕಿದಳು. 100 ದಿನ ತುಂಬಿದ್ದು ಆಗಸ್ಟ್ 17ಕ್ಕೆ. ಅಷ್ಟು ಹೊತ್ತಿಗೆ ವಾರ್ಡು ಬಹುಪಾಲು ಖಾಲಿಯಾಗಿತ್ತು, ಕೆಲಸ ಬಿಟ್ಟಳು. ಪರೀಕ್ಷೆಯ ಮುನ್ನಾದಿನದವರೆಗೆ ಎಣಿಸಿದರೆ ಉಳಿದದ್ದು 24 ದಿನ.

ಸೆಪ್ಟೆಂಬರ್ 10ಕ್ಕೆ ಚೌತಿ. ಪರೀಕ್ಷೆ ಮಂಗಳೂರಿನಲ್ಲಿ. ಗಣಪತಿಗೆ ಬೇಗನೆ ಮಂಗಳಾರತಿ ಮಾಡಿ, ಕಡುಬು ಡಬ್ಬಿಗೆ ಹಾಕಿಕೊಂಡು, ನಾನೂ ಅವಳೂ ಬಾಡಿಗೆ ಕಾರಿನಲ್ಲಿ ಆಗುಂಬೆ ಘಾಟಿ ಇಳಿದೆವು. ಮಂಜಿನಲ್ಲಿ ತಿರುವುಗಳೇ ಕಾಣುತ್ತಿರಲಿಲ್ಲ. ಅವಳು ಕಣ್ಣುಮುಚ್ಚಿ ತುಟಿ ಆಡಿಸುತ್ತಿದ್ದಳು, ಔಷಧಿಗಳ ಹೆಸರೋ ದೇವರ ಹೆಸರೋ ಗೊತ್ತಿಲ್ಲ. ಮರುದಿನ ಕೇಂದ್ರದ ಹೊರಗೆ ನನ್ನಂಥ ಹತ್ತಾರು ತಾಯಂದಿರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ದೂರದೂರ ನಿಂತಿದ್ದರು. ಸಾಮಾನ್ಯವಾಗಿ ಇಂಥ ಕಡೆ ಅರ್ಧ ಗಂಟೆಯಲ್ಲಿ ಊರು, ಮನೆತನ ಎಲ್ಲ ವಿಚಾರಿಸಿಕೊಳ್ಳುವ ಹೆಂಗಸರು ನಾವು. ಅಂದು ಯಾರೂ ಯಾರೊಂದಿಗೂ ಮಾತನಾಡಲಿಲ್ಲ.

ಸೆಪ್ಟೆಂಬರ್ 28ಕ್ಕೆ ಫಲಿತಾಂಶ. ಮಾರ್ಚ್‌ನಲ್ಲಿ ಅವಳು ಮಾದರಿ ಪರೀಕ್ಷೆಗಳಲ್ಲಿ ಪಡೆಯುತ್ತಿದ್ದ ಅಂಕಗಳ ಸುತ್ತಮುತ್ತಲೇ ಬಂದಿತ್ತು. ಏಪ್ರಿಲ್ 18ಕ್ಕೆ ಬರೆದಿದ್ದರೂ ಬಹುಶಃ ಇಷ್ಟೇ ಬರುತ್ತಿತ್ತು. ಆದರೆ ಓಟದಲ್ಲಿ ಇವಳು ನಿಂತಲ್ಲೇ ನಿಂತಿದ್ದಾಗ ಪಕ್ಕದವರು ಮುಂದೆ ಹೋಗಿದ್ದರು. ಅಷ್ಟಕ್ಕೂ ಮುಗಿಯಲಿಲ್ಲ. ಹಿಂದುಳಿದ ವರ್ಗಗಳ ಮತ್ತು ಆರ್ಥಿಕವಾಗಿ ದುರ್ಬಲರ ಮೀಸಲಾತಿಯ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿತ್ತು, ಸೀಟು ಹಂಚಿಕೆ ನಿಂತಿತು. ಹೊಸ ಕಿರಿಯ ವೈದ್ಯರು ಬಾರದೆ ಇದ್ದವರ ಮೇಲೆಯೇ ಭಾರ ಬಿದ್ದು, ದೆಹಲಿಯಲ್ಲಿ ಡಿಸೆಂಬರ್ ಚಳಿಯಲ್ಲಿ ವೈದ್ಯರು ಬೀದಿಗಿಳಿದರು. 2022ರ ಜನವರಿ 7ಕ್ಕೆ ಕೋರ್ಟು ಅನುಮತಿ ಕೊಟ್ಟು, 12ರಿಂದ ಹಂಚಿಕೆ ಶುರುವಾಯಿತು. 2021ರ ಜನವರಿಯ ಪರೀಕ್ಷೆಗೆಂದು ಓದಲು ಕೂತವಳು ತರಗತಿಗೆ ಕಾಲಿಟ್ಟದ್ದು 2022ರ ಫೆಬ್ರವರಿಯಲ್ಲಿ.

ಮಕ್ಕಳ ವೈದ್ಯೆಯಾಗಬೇಕೆಂಬುದು ಅವಳ ಆಸೆ. ಆ ರ‍್ಯಾಂಕಿಗೆ ಅದು ಸಿಗಲಿಲ್ಲ, ಅರಿವಳಿಕೆ ವಿಭಾಗ ಸಿಕ್ಕಿತು. ಮೂರು ವರ್ಷ ಓದಿ 2025ರಲ್ಲಿ ಮುಗಿಸಿದ್ದಾಳೆ. ಕೆಲಸ ಇಷ್ಟವಾಗಿದೆ ಎನ್ನುತ್ತಾಳೆ, ನಾನೂ ನಂಬುತ್ತೇನೆ. ಆದರೂ ನಮ್ಮ ಮನೆಗೆ ಬಂದಾಗ ಅಕ್ಕಪಕ್ಕದ ಮಕ್ಕಳನ್ನು ಕರೆದು ಎದೆಗೆ ಸ್ಟೆತಸ್ಕೋಪ್ ಇಡುವಾಗ ಅವಳ ಮುಖವನ್ನು ನೋಡಿದ್ದೇನೆ.

ಪರೀಕ್ಷೆಗಳನ್ನು ನಡೆಸಿಯೇ ಕೂದಲು ನರೆಸಿಕೊಂಡವಳು ನಾನು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಂಟೆ ಹೊಡೆಯುವುದು ಎಂಬುದರಲ್ಲಿ ನನಗೆ ಬಹಳ ನಂಬಿಕೆ. ಆ ನಂಬಿಕೆ ಈಗಲೂ ಹೋಗಿಲ್ಲ. ಕೊಠಡಿಯೊಳಗಿನ ಮೂರೂವರೆ ಗಂಟೆಯನ್ನು ನಾವು ನಿಮಿಷ ಬಿಡದೆ ಸಮನಾಗಿ ಹಂಚುತ್ತೇವೆ. ಕೊಠಡಿಯ ಹೊರಗಿನ ನಾಲ್ಕು ತಿಂಗಳನ್ನು ಹಂಚುವ ಗೋಜಿಗೆ ಮಾತ್ರ ಯಾರೂ ಹೋಗುವುದಿಲ್ಲ.

ಇತ್ತೀಚೆಗೆ ಅವಳನ್ನು ಕೇಳಿದೆ, ಆ 100 ದಿನಕ್ಕೆ ಪರೀಕ್ಷೆಯಲ್ಲಿ ಒಂದಿಷ್ಟು ಅಂಕ ಸೇರಿಸಿಕೊಡಬೇಕಿತ್ತಲ್ಲವೇನೆ ಎಂದು. ಸ್ವಲ್ಪ ಯೋಚಿಸಿ ಹೇಳಿದಳು: "ಅಂಕ ಬೇಡ ದೊಡ್ಡಮ್ಮ. ಸೇವೆ ಮಾಡ್ದೋರಿಗೆ ಅಂಕ ಕೊಟ್ರೆ ಮನೇಲಿ ಅಪ್ಪನ್ನ ಕಾದ್ಕೊಂಡು ಕೂತವನಿಗೆ ಅನ್ಯಾಯ ಆಗ್ತದೆ. ತಾರೀಖು ಮೇ ತಿಂಗಳಲ್ಲೇ ಹೇಳಿ, ವಾರ್ಡಿನಲ್ಲಿದ್ದೋರಿಗೆ ಕೊನೇಗೆ ಒಂದು ತಿಂಗಳು ಸಂಬಳದ ರಜ ಕೊಟ್ಟಿದ್ರೆ ಸಾಕಿತ್ತು. ನಿದ್ದೆ ಮಾಡಿ ಆಮೇಲೆ ಓದ್ಕೋತಿದ್ವಿ."