ಸ್ಪರ್ಸ್ ಮೇಲೆ ಈ ಸಲ ಆಸೆ ಜೋರಾಗಿದೆ
ಪ್ರೀಸೀಸನ್ ಗೆಲುವು ಅಂಕಪಟ್ಟಿಗೆ ಸೇರುವುದಿಲ್ಲ, ಗೊತ್ತು. ಎದುರಾಳಿಗಳೂ ಮುಖ್ಯ ಆಟಗಾರರನ್ನು ಅರ್ಧಕ್ಕೇ ಕೂರಿಸಿಬಿಡುತ್ತಾರೆ. ಆದರೂ 2025ರ ಈ ಅಕ್ಟೋಬರ್‌ನಲ್ಲಿ ಎನ್‌ಬಿಎ ಬಾಸ್ಕೆಟ್‌ಬಾಲ್ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್ ಆಡುತ್ತಿರುವ ರೀತಿ ನೋಡಿದರೆ ಮನಸ್ಸು ಹಿಗ್ಗುತ್ತದೆ.

ವಿಕ್ಟರ್ ವೆಂಬನ್ಯಾಮ ಮತ್ತೆ ಅಂಗಳದಲ್ಲಿದ್ದಾನೆ, ನನಗೆ ಅದೇ ದೊಡ್ಡದು. ಫೆಬ್ರವರಿಯಲ್ಲಿ ಅವನ ಬಲಭುಜದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದಾಗ ಎದೆ ಧಸಕ್ಕೆಂದಿತ್ತು. 21 ವರ್ಷದ ಹುಡುಗ! ಆಟ ಹಾಗಿರಲಿ, ಜೀವದ ಮಾತು ಅದು. ಬೇಸಿಗೆಯಲ್ಲಿ ಚೀನಾದ ಶಾವೊಲಿನ್ ಮಠಕ್ಕೆ ಹೋಗಿ ತಲೆ ಬೋಳಿಸಿಕೊಂಡು ಕುಂಗ್ ಫೂ ಕಲಿತುಬಂದ. ಈಗ ನೋಡಿ, ಅವನು ಬುಟ್ಟಿಯ ಕೆಳಗೆ ನಿಂತರೆ ಎದುರಾಳಿಗಳು ನುಗ್ಗುವುದಕ್ಕೇ ಯೋಚಿಸುತ್ತಾರೆ.

ಜೊತೆಗೆ ಕಳೆದ ಸಾಲಿನ ಅತ್ಯುತ್ತಮ ಹೊಸ ಆಟಗಾರ ಸ್ಟೆಫನ್ ಕ್ಯಾಸಲ್, ಡ್ರಾಫ್ಟ್‌ನ ಎರಡನೇ ಆಯ್ಕೆ ಡಿಲನ್ ಹಾರ್ಪರ್. ಡಿಆರನ್ ಫಾಕ್ಸ್ ಗಾಯ ವಾಸಿಯಾಗಿ ಬಂದರೆ ಇನ್ನೇನು ಬೇಕು! ಬಹುಕಾಲದ ಕೋಚ್ ಪೊಪೊವಿಚ್ ಇಲ್ಲದ ಬೆಂಚು ನೋಡಿದರೆ ಸಂಕಟವಾಗುತ್ತದೆ, ನಿಜ. ಆದರೆ ಹೊಸ ಕೋಚ್ ಮಿಚ್ ಜಾನ್ಸನ್ ಪೊಪೊವಿಚ್ ಗರಡಿಯಲ್ಲೇ ಪಳಗಿದವರು.

5 ಸಲ ಚಾಂಪಿಯನ್ ಆದ ತಂಡ 2019ರ ನಂತರ ಪ್ಲೇಆಫ್ ಕಂಡಿಲ್ಲ. ಈ ಸಲ ಕಂಡೇ ಕಾಣುತ್ತದೆ ಅಂತ ನಾನಂತೂ ನಂಬಿದ್ದೇನೆ. ಅಕ್ಟೋಬರ್ 22ಕ್ಕೆ ಡಲ್ಲಾಸ್‌ನಲ್ಲಿ ಮೊದಲ ಪಂದ್ಯ.