ಹನ್ನೆರಡು ಊರು, ಒಂದು ಮ್ಯಾಕ್ರೊ

2014ರ ನವೆಂಬರ್ 1ರಂದು ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಆಗ ಹೆಚ್ಚು ಬೆವರಿದವರು ಯಾರು? ಬೋರ್ಡು ಬರೆಯುವವರು ಅಂತೀರಾ? ಅವರಿಗೆ ಕೂಲಿಯಾದರೂ ಸಿಕ್ಕಿತು ಬಿಡಿ. ಬೆವರಿದ್ದು ಎಕ್ಸೆಲ್ ಶೀಟಿನ ಮುಂದೆ ಕೂತವರು. ಗಿರಾಕಿಗಳ ವಿಳಾಸಪಟ್ಟಿಯ ಉದ್ದಕ್ಕೂ ಮೈಸೋರ್, ಬೆಲ್ಗಾಂ, ಶಿಮೋಗ!

ಇವನ್ನೆಲ್ಲ ಒಂದೊಂದಾಗಿ ತಿದ್ದುವವರು ಯಾರು? ಪ್ರತಿ ಆಫೀಸಿನಲ್ಲೂ ‘ಮ್ಯಾಕ್ರೊ ಬರೋ ಹುಡುಗ’ ಅಂತ ಒಬ್ಬನಿರುತ್ತಾನೆ. ಮ್ಯಾಕ್ರೊ ಅಂದರೆ ಎಕ್ಸೆಲ್‌ನಿಂದ ತಾನಾಗಿ ಕೆಲಸ ಮಾಡಿಸುವ ಪುಟ್ಟ ಪ್ರೋಗ್ರಾಮು. ಕೆಲಸ ಬಿದ್ದಾಗ ಮಾತ್ರ ಅವನಿಗೆ ಕಾಫಿ. “ಎರಡೇ ನಿಮಿಷ ಸಾರ್” ಎಂದು ಅವನು ‘ಫಾರ್ ಈಚ್’ ಅಂತ ಶುರುಮಾಡಿ ‘ನೆಕ್ಸ್ಟ್’ ಅಂತ ಮುಗಿಸುತ್ತಾನೆ. 1993ರ ಎಕ್ಸೆಲ್ 5ರಿಂದ ನಡೆದುಬಂದ, ವಿಬಿಎ ಎಂಬ ಮ್ಯಾಕ್ರೊ ಭಾಷೆಯ ಮಂತ್ರ ಅದು. ಮದುವೆ ಪಂಕ್ತಿಯಲ್ಲಿ ಬಡಿಸುವವನ ಹಾಗೆ ಒಂದು ಸೆಲ್ಲನ್ನೂ ಬಿಡದೆ ಸಾಗುತ್ತದೆ. ಬಡಿಸುವವನಾದರೋ “ಪಲ್ಯ ಬೇಕಾ?” ಅಂತ ಕೇಳುತ್ತಾನೆ, ಇದು ಕೇಳುವುದಿಲ್ಲ.

ಕೇಳದಿದ್ದರೆ ಏನಾಗುತ್ತದೆ ನೋಡಿ. ‘ಮೈಸೋರ್’ ಕಂಡಲ್ಲೆಲ್ಲ ‘ಮೈಸೂರು’ ಹಾಕು ಅಂದರೆ, ಆಗಿನ್ನೂ ಬದುಕಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೋರ್, ಭೂಮಿ ಮೇಲೆ ಇಲ್ಲದ ‘ಸ್ಟೇಟ್ ಬ್ಯಾಂಕ್ ಆಫ್ ಮೈಸೂರು’ ಆಗಿಬಿಡುತ್ತದೆ. ಸರಿ, ಇಡೀ ಸೆಲ್ಲಿನಲ್ಲಿ ‘ಮೈಸೋರ್’ ಅಂತಷ್ಟೇ ಇದ್ದರೆ ಮಾತ್ರ ಬದಲಿಸು ಅನ್ನೋಣ. ಆಗ ‘ಮೈಸೋರ್ - 570001’ ಅಂತಿದ್ದದ್ದು ಹಾಗೇ ಉಳಿಯುತ್ತದೆ. ಪಿನ್ ಕೋಡನ್ನು ಊರಿನ ಪಕ್ಕದಲ್ಲೇ ತುರುಕಿದ ಪುಣ್ಯಾತ್ಮನಿಗೆ ನಮಸ್ಕಾರ! ಇನ್ನು ಬಿಜಾಪುರದ ಕಥೆ. ನಮ್ಮದು ವಿಜಯಪುರವಾಯಿತು, ಒಪ್ಪೋಣ. ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆಯಲ್ಲ? ನಮ್ಮ ಸರ್ಕಾರ ಅದರ ತಂಟೆಗೆ ಹೋಗಲಿಲ್ಲ, ಮ್ಯಾಕ್ರೊ ಹೋಗದೆ ಬಿಡುತ್ತದೆಯೇ? ಪಕ್ಕದ ಕಾಲಮಿನಲ್ಲಿ ‘ಕರ್ನಾಟಕ’ ಇದೆಯೇ ಎಂದು ನೋಡಿ ಬದಲಿಸಲು ಇನ್ನೊಂದು ‘ಇಫ್’ ಹಾಕಬೇಕು. ಹುಡುಗನ ಎರಡು ನಿಮಿಷ ಊಟದ ಹೊತ್ತಿಗೆ ಮುಟ್ಟುವುದು ಹೀಗೆ.

ಹೆಸರು ಅಂದಾಗ ನೆನಪಾಯಿತು. ನಮ್ಮ ದೇಹದ ಕೆಲವು ಜೀನುಗಳಿಗೆ ‘ಮಾರ್ಚ್1’, ‘ಸೆಪ್ಟ್1’ ಅಂತ ಹೆಸರಿತ್ತು. ಸೆಲ್ಲಿನಲ್ಲಿ ಹಾಗೆ ಬರೆದು ಎಂಟರ್ ಒತ್ತಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತಿತ್ತು. ವಿಜ್ಞಾನಿಗಳು ಬೇಸತ್ತು 2020ರಲ್ಲಿ ಜೀನುಗಳ ಹೆಸರನ್ನೇ ಬದಲಿಸಿದರು. ಸೆಪ್ಟ್1 ಈಗ ‘ಸೆಪ್ಟಿನ್1’. ಎಕ್ಸೆಲ್ ಮುಂದೆ ಮನುಷ್ಯ ಬಗ್ಗಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಅಂದಹಾಗೆ, ಮ್ಯಾಕ್ರೊ ಮಾಡಿದ ಬದಲಾವಣೆಯನ್ನು ಕಂಟ್ರೋಲ್-ಝಡ್ ಹಿಂದಕ್ಕೆ ತರುವುದಿಲ್ಲ. ಓಡಿಸುವ ಮುಂಚೆ ಫೈಲಿನದೊಂದು ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ, ಮಾರಾಯ್ರೆ.